ಹಾಪ್ ತೋಟದ ರಜೆ ಯಾರದು?

ಏಪ್ರಿಲ್ ಬಂತೆಂದರೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದೇ ಮಾತು: ರಜೆಗೆ ಎಲ್ಲಿಗೆ? ಗಂಡಸು ಮೇಷ್ಟ್ರುಗಳು ಥಟ್ಟನೆ ಊರಿನ ಹೆಸರು ಹೇಳಿಬಿಡುತ್ತಾರೆ. ನಾವು ಹೆಂಗಸರು ಮಾತ್ರ ಬಾಯಿ ಬಿಡುವ ಮೊದಲು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತೇವೆ. ಅಲ್ಲಿ ಅಡಿಗೆ ಯಾರದು? ನೀರು ಎಷ್ಟು ದೂರ? ಒಟ್ಟು ಎಷ್ಟು ಜನ? ಎಷ್ಟೋ ಸಲ ರಜೆ ಎಂದರೆ ನಮ್ಮ ಪಾಲಿಗೆ ಒಂದು ಅಡಿಗೆಮನೆಯಿಂದ ಇನ್ನೊಂದು ಅಡಿಗೆಮನೆಗೆ ವರ್ಗವಾಗುವುದು. ಅದಕ್ಕೆ ಟಿ.ಎ., ಡಿ.ಎ. ಕೂಡ ಇರುವುದಿಲ್ಲ.

ಈ ಲೆಕ್ಕದ ಕಣ್ಣಿನಿಂದಲೇ ನಾನು ಈಚೆಗೆ ಎರಡು ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ಓದಿದೆ. ಒಂದು ಸಾಮರ್ಸೆಟ್ ಮಾಮ್ ಬರೆದ 'ಆಫ್ ಹ್ಯೂಮನ್ ಬಾಂಡೇಜ್' (1915). ಇನ್ನೊಂದು ಜಾರ್ಜ್ ಆರ್ವೆಲ್ ಬರೆದ 'ಎ ಕ್ಲರ್ಜಿಮನ್ಸ್ ಡಾಟರ್' (1935). ಓದಿಗೆ ಕಾರಣ ಸಾಹಿತ್ಯವಲ್ಲ, ಸಂಸಾರ. ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗಳು ತಾನು, ಗಂಡ, ಮಕ್ಕಳು ಸೆಪ್ಟೆಂಬರಿನಲ್ಲಿ ಹೋಗಬೇಕೆಂದಿರುವ ನಾಲ್ಕು ದಿನದ ಪ್ರವಾಸದ ಪಟ್ಟಿ ಕಳಿಸಿ, "ಹೇಗಿದೆ ದೊಡ್ಡಮ್ಮ?" ಎಂದು ಕೇಳಿದ್ದಳು. ಪಟ್ಟಿಯ ತುಂಬ ಕೆಂಟ್ ಪ್ರಾಂತ್ಯದ ಹಾಪ್ ತೋಟಗಳು, ಸಣ್ಣ ಸಣ್ಣ ಬಿಯರ್ ತಯಾರಿಕೆಯ ಮನೆಗಳು. ದೇವಸ್ಥಾನವಿಲ್ಲ, ಜಲಪಾತವಿಲ್ಲ. ಬಿಯರಿನ ಸುತ್ತ ಒಂದು ತೀರ್ಥಯಾತ್ರೆ!

ಬಿಯರ್ ಎಂದ ಕೂಡಲೇ ಮೂಗು ಮುರಿಯಬೇಡಿ. ನಾನೂ ಕುಡಿದವಳಲ್ಲ, ಕುಡಿಯಿರಿ ಎಂದು ಹೇಳುವವಳೂ ಅಲ್ಲ. ಆದರೆ ಈ ಹಾಪ್ ಎಂಬ ಬಳ್ಳಿಯ ಕಥೆಯಲ್ಲಿ ಹೆಂಗಸರ ಪಾಲು ಬಹಳ ದೊಡ್ಡದು. ಅದನ್ನು ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಮೊದಲು ಬಳ್ಳಿಯ ವಿಚಾರ. ಹಾಪ್ ತೋಟ ನೋಡಲು ಸ್ವಲ್ಪ ನಮ್ಮ ವೀಳ್ಯದೆಲೆ ತೋಟದ ಹಾಗೆ. ಎತ್ತರದ ಕಂಬ, ತಂತಿ, ಹುರಿ. ಅವನ್ನು ಹಿಡಿದು ಬಳ್ಳಿ ಹದಿನೈದು ಇಪ್ಪತ್ತು ಅಡಿ ಏರುತ್ತದೆ. ಚಳಿಗಾಲದಲ್ಲಿ ಮೇಲ್ಭಾಗವೆಲ್ಲ ಒಣಗಿ, ವಸಂತದಲ್ಲಿ ಬೇರಿನಿಂದ ಮತ್ತೆ ಚಿಗುರುತ್ತದೆ. ಇದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬಿಯರಿಗೆ ಬೇಕಾದದ್ದು ಹೆಣ್ಣು ಬಳ್ಳಿಯ ಹೂಗೊಂಚಲು. ಪದರ ಪದರವಾದ ಆ ಹಸಿರು ಹೂವಿನೊಳಗೆ ಹಳದಿ ಪುಡಿಯಂಥ ಅಂಟು ಇರುತ್ತದೆ. ಬಿಯರಿಗೆ ಕಹಿಯನ್ನು, ಪರಿಮಳವನ್ನು ಕೊಡುವುದು, ಅದು ಬೇಗ ಕೆಡದಂತೆ ಕಾಯುವುದು ಈ ಅಂಟೇ. ಕಿತ್ತ ಹೂವನ್ನು ಓಸ್ಟ್ ಹೌಸ್ ಎಂಬ ಗೂಡುಗಳಲ್ಲಿ ಬೆಂಕಿಯ ಶಾಖದಿಂದ ಒಣಗಿಸುತ್ತಿದ್ದರು. ಶಂಕುವಿನಾಕಾರದ ಮಾಡು, ತುದಿಯಲ್ಲಿ ಗಾಳಿ ಬಂದ ಕಡೆಗೆ ತಿರುಗುವ ಬಿಳಿಯ ಟೋಪಿ. ಕೆಂಟ್‌ನ ಚಿತ್ರವಿರುವ ಯಾವ ಕ್ಯಾಲೆಂಡರಿನಲ್ಲೂ ಇದು ತಪ್ಪುವುದಿಲ್ಲ. ಈಗ ಇಂಥ ಎಷ್ಟೋ ಗೂಡುಗಳು ವಾಸದ ಮನೆಗಳಾಗಿವೆ, ಪ್ರವಾಸಿಗಳ ವಸತಿಗಳಾಗಿವೆ. ನಮ್ಮ ಹುಡುಗಿಯ ಪಟ್ಟಿಯಲ್ಲೂ ಎರಡು ರಾತ್ರಿ ಅಂಥದ್ದರಲ್ಲೇ.

ಪ್ರವಾಸ ಸೆಪ್ಟೆಂಬರಿನಲ್ಲೇ ಏಕೆ ಎಂದರೆ ಅದು ಹಾಪ್ ಸುಗ್ಗಿಯ ತಿಂಗಳು. ಆಗ ಮಾತ್ರ ಒಣಗಿಸದ ಹಸಿ ಹೂವನ್ನು, ಕಿತ್ತ ಒಂದು ದಿನದೊಳಗೇ ಹಾಕಿ ಮಾಡುವ ಒಂದು ಬಗೆಯ ಬಿಯರ್ ಸಿಗುತ್ತದೆ. ಫ್ಯಾವರ್ಷಮ್ ಊರಿನಲ್ಲಿ ತನ್ನ ಹುಟ್ಟು 1698ರದು ಎಂದು ಹೇಳಿಕೊಳ್ಳುವ ಶೆಪರ್ಡ್ ನೀಮ್ ಕಾರ್ಖಾನೆಯಿದೆ. ಸೆಪ್ಟೆಂಬರ್ ಮೊದಲಲ್ಲಿ ಅಲ್ಲಿ ಹಾಪ್ ಹಬ್ಬವೂ ನಡೆಯುತ್ತದೆ. ಬೆಲ್ಟ್‌ರಿಂಗ್‌ನಲ್ಲಿ, ಒಂದು ಕಾಲಕ್ಕೆ ವ್ಹಿಟ್‌ಬ್ರೆಡ್ ಬಿಯರ್ ಕಂಪನಿಯ ಒಡೆತನದಲ್ಲಿದ್ದ ತೋಟದಲ್ಲಿ, ಸಾಲಾಗಿ ನಿಂತ ಓಸ್ಟ್ ಹೌಸುಗಳಿವೆ. ಎಲ್ಲ ಚೆನ್ನಾಗಿದೆ. ಆದರೆ ಇಡೀ ಪಟ್ಟಿಯಲ್ಲಿ ಆ ಹೂವನ್ನು ಕಿತ್ತವರ ಸುದ್ದಿಯೇ ಇರಲಿಲ್ಲ.

ಕಿತ್ತವರು ಯಾರು? ಹತ್ತೊಂಬತ್ತನೆಯ ಶತಮಾನದಿಂದ ಸುಮಾರು 1950ರ ದಶಕದವರೆಗೆ ಸೆಪ್ಟೆಂಬರ್ ಬಂತೆಂದರೆ ಲಂಡನ್ನಿನ ಪೂರ್ವಭಾಗದ ಬಡ ಕೇರಿಗಳು ಅರ್ಧ ಖಾಲಿಯಾಗುತ್ತಿದ್ದವು. ತಾಯಂದಿರು, ಅಜ್ಜಿಯರು, ಕೈಗೂಸುಗಳು, ಶಾಲೆ ತಪ್ಪಿಸಿದ ಮಕ್ಕಳು, ಎಲ್ಲರೂ ವಿಶೇಷ ರೈಲಿನಲ್ಲಿ ಕೆಂಟ್‌ಗೆ. ಗಂಡಂದಿರು ನಗರದಲ್ಲಿ ಕೆಲಸಕ್ಕೆ ಉಳಿದು ಶನಿವಾರ ಭಾನುವಾರ ಬಂದು ಹೋಗುತ್ತಿದ್ದರು. ಮೂರು ನಾಲ್ಕು ವಾರ ತೋಟದ ಗುಡಿಸಲಿನಲ್ಲಿ ವಾಸ, ಹುಲ್ಲಿನ ಹಾಸಿಗೆ, ಬಯಲಲ್ಲಿ ಒಲೆ. ಇದನ್ನು ಆ ಜನ ಕೂಲಿ ಎನ್ನುತ್ತಿರಲಿಲ್ಲ, ರಜೆ ಎನ್ನುತ್ತಿದ್ದರು! ಅವರಲ್ಲಿ ಅನೇಕರಿಗೆ ವರ್ಷಕ್ಕೆ ಸಿಗುತ್ತಿದ್ದ ರಜೆ ಅದೊಂದೇ. ನಾನು ಹೇಳಿದ ಎರಡು ಕಾದಂಬರಿಗಳೂ ಈ ರಜೆಯೊಳಗೆ ಹೊಕ್ಕು ಬಂದಿವೆ. ಆದರೆ ಒಬ್ಬರು ಕಂಡದ್ದನ್ನು ಇನ್ನೊಬ್ಬರು ಕಂಡಿಲ್ಲ.

ಮಾಮ್ ಕೆಂಟ್‌ನಲ್ಲೇ ಬೆಳೆದವರು. ತಂದೆತಾಯಿಯನ್ನು ಕಳೆದುಕೊಂಡ ಹುಡುಗನಾಗಿ ವ್ಹಿಟ್‌ಸ್ಟೇಬಲ್ ಎಂಬ ಊರಿನಲ್ಲಿ ಚಿಕ್ಕಪ್ಪ ಪಾದ್ರಿಯ ಮನೆಯಲ್ಲಿದ್ದವರು. ಅವರ ಕಥಾನಾಯಕ ಫಿಲಿಪ್ ಕೇರಿಯೂ ಹಾಗೆಯೇ ತಬ್ಬಲಿ, ಜೊತೆಗೆ ಕಾಲು ಕುಂಟ. ಆರುನೂರು ಪುಟಗಳಿಗೂ ಮೀರಿ ಅವನು ಪಡುವ ಪಾಡನ್ನು ಓದುವಾಗ ಕರುಳು ಕಿತ್ತು ಬರುತ್ತದೆ. ಕಡೆಗೆ ಅವನಿಗೆ ಅನ್ನ ಹಾಕಿ ಕಾಪಾಡುವುದು ಆಥೆಲ್ನಿ ಎಂಬಾತನ ಮಕ್ಕಳೊಂದಿಗ ಸಂಸಾರ. ಆಥೆಲ್ನಿ ಮಾತಿನ ಮಲ್ಲ. ಸ್ಪೇನ್ ದೇಶ, ಅಲ್ಲಿಯ ಚಿತ್ರಕಲೆ ಎಂದು ಕೂತಲ್ಲೇ ಲೋಕ ಸುತ್ತಿಸುತ್ತಾನೆ. ಹೆಂಡತಿ ಕೆಂಟ್‌ನ ಹಳ್ಳಿಯವಳು, ಕೆಲಸದಾಕೆ. ಪ್ರತಿ ವರ್ಷ ಈ ಮನೆಯವರೆಲ್ಲ ಹಾಪ್ ಕೀಳಲು ಹೋಗುತ್ತಾರೆ. ವೈದ್ಯನಾದ ಮೇಲೆ ಫಿಲಿಪ್ ಅವರನ್ನು ಕೂಡಿಕೊಳ್ಳುತ್ತಾನೆ.

ಆ ಅಧ್ಯಾಯಗಳು ಬಹಳ ಸೊಗಸಾಗಿವೆ. ಬಿಸಿಲು, ಹಾಪ್ ಹೂವಿನ ಘಮ, ಮಕ್ಕಳ ಗದ್ದಲ, ಸಂಜೆಯ ಬೆಂಕಿ. ಹಿರಿಯ ಮಗಳು ಸ್ಯಾಲಿ ಲಂಡನ್ನಿನಲ್ಲಿ ಬಟ್ಟೆ ಹೊಲಿಯುವ ಕಡೆ ದುಡಿಯುವವಳು, ಮಿತಭಾಷಿ. ಅಲ್ಲಿಯೇ ಅವಳಿಗೂ ಫಿಲಿಪ್‌ಗೂ ಪ್ರೀತಿ ಮೊಳೆಯುತ್ತದೆ. ಫಿಲಿಪ್ ಎಷ್ಟೋ ವರ್ಷದಿಂದ ಒಂದು ಮಹಾಪ್ರವಾಸದ ಕನಸು ಕಂಡಿದ್ದಾನೆ. ಹಡಗಿನ ವೈದ್ಯನಾಗಿ ಸ್ಪೇನ್ ನೋಡಬೇಕು, ಪೂರ್ವ ದೇಶಗಳನ್ನು ನೋಡಬೇಕು. ಕಡೆಗೆ ಅದನ್ನೆಲ್ಲ ಬಿಟ್ಟುಕೊಟ್ಟು ಸ್ಯಾಲಿಯನ್ನು ಮದುವೆಯಾಗಲು ನಿರ್ಧರಿಸುತ್ತಾನೆ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ. ವಿಮರ್ಶಕರು ಇದನ್ನು ಫಿಲಿಪ್‌ನ ಬಿಡುಗಡೆ ಎಂದು ಹೊಗಳಿದ್ದೂ ಉಂಟು, ಕಾದಂಬರಿಗೆ ಒಗ್ಗದ ಸುಖಾಂತ ಎಂದು ಹಳಿದದ್ದೂ ಉಂಟು.

ನನ್ನ ತಕರಾರು ಬೇರೆ. ಫಿಲಿಪ್ ಕೈಬಿಟ್ಟ ಪ್ರವಾಸದ ಬಗ್ಗೆ ಮಾಮ್ ಪುಟಗಟ್ಟಲೆ ಬರೆಯುತ್ತಾರೆ. ಸ್ಯಾಲಿಗೆ ಯಾವ ಊರು ನೋಡಬೇಕೆಂದಿತ್ತು ಎಂದು ಒಬ್ಬರೂ ಕೇಳುವುದಿಲ್ಲ. ಅಪ್ಪ ಸ್ಪೇನಿನ ಕನಸು ಕಾಣಬಹುದು, ಪ್ರಿಯಕರ ಪೂರ್ವದೇಶದ ಕನಸು ಕಾಣಬಹುದು. ಅವಳಿಗೆ ಹಾಪ್ ತೋಟವೇ ಕಾಶಿ, ಹಾಪ್ ತೋಟವೇ ರಾಮೇಶ್ವರ. ಅವಳ ತಾಯಿಯನ್ನಂತೂ ಕೇಳುವುದೇ ಬೇಡ. ಹಗಲೆಲ್ಲ ಹೂವು ಕಿತ್ತ ಕೈಗಳೇ ಸಂಜೆ ಅಷ್ಟು ಜನಕ್ಕೆ ಬೇಯಿಸಬೇಕು. ಫಿಲಿಪ್‌ಗೆ ಆ ಬೆಂಕಿ ಚಿತ್ರದ ಹಾಗೆ ಕಾಣುತ್ತದೆ. ಊದಿ ಉರಿಸಿದವಳಿಗೆ ಹೊಗೆಯೂ ಕಾಣುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದ ಗಾದೆ ಹತ್ತಿರದ ಒಲೆಗೂ ಸಲ್ಲುತ್ತದೆ.

ಇನ್ನು ಆರ್ವೆಲ್. ಇವರು ಹುಟ್ಟಿದ್ದು ನಮ್ಮ ದೇಶದಲ್ಲೇ, ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ತಂದೆ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ. ನಿಜವಾದ ಹೆಸರು ಎರಿಕ್ ಬ್ಲೇರ್. 1931ರ ಸುಗ್ಗಿಯಲ್ಲಿ ಇವರು ಹರಕು ಬಟ್ಟೆ ತೊಟ್ಟು, ಅಲೆಮಾರಿಗಳ ಜೊತೆ ನಡೆದು, ಕೆಂಟ್‌ನಲ್ಲಿ ಹಾಪ್ ಕಿತ್ತರು. ದಿನಚರಿ ಇಟ್ಟರು. ಅದೇ ಅಕ್ಟೋಬರಿನಲ್ಲಿ ಒಂದು ಲೇಖನವನ್ನೂ ಪ್ರಕಟಿಸಿದರು.

ಮಾಮ್ ಬಿಸಿಲು ಬರೆದಲ್ಲಿ ಆರ್ವೆಲ್ ಲೆಕ್ಕ ಬರೆದಿದ್ದಾರೆ. ನನಗೆ ಬೇಕಾದದ್ದೂ ಅದೇ. ಅವರು ದುಡಿದ ತೋಟದಲ್ಲಿ ಆರು ಬುಷೆಲ್ ಹೂವಿಗೆ ಒಂದು ಶಿಲ್ಲಿಂಗ್. ಬುಷೆಲ್ ಎಂದರೆ ನಮ್ಮ ಕೊಳಗದಂತೆ ಒಂದು ಅಳತೆ, ಸುಮಾರು 36 ಲೀಟರ್ ಹಿಡಿಯುವ ಬುಟ್ಟಿ. ಹೂವು ಹತ್ತಿಯಂತೆ ಹಗುರ. ಅಳೆಯುವವನು ಮೆಲ್ಲಗೆ ಎತ್ತಿ ತುಂಬಿದರೆ ಬುಷೆಲ್ ಹೆಚ್ಚು, ಮೇಲಿನವರ ಅಪ್ಪಣೆಯಂತೆ ಒತ್ತಿ ತುರುಕಿದರೆ ಕಡಿಮೆ. ಒಂದು ದಿನದ ಬೆವರು ಆತನ ಅಂಗೈಯ ಒತ್ತಡದಲ್ಲಿ! ನಡುವೆ ಕೆಲಸ ಬಿಟ್ಟರೆ, ಅಥವಾ ಯಜಮಾನ ಬಿಡಿಸಿದರೆ, ಆರರ ಬದಲು ಎಂಟು ಬುಷೆಲ್‌ಗೆ ಒಂದು ಶಿಲ್ಲಿಂಗಿನಂತೆ ಲೆಕ್ಕ ಚುಕ್ತಾ. ಅಂದರೆ ದುಡಿದದ್ದರಲ್ಲಿ ಕಾಲು ಭಾಗ ಮಾಯ. ನಡೆಯಲು ಕಲಿತಾಗಿನಿಂದ ಹಾಪ್ ಕೀಳುತ್ತಿದ್ದ ಒಂದು ಜಿಪ್ಸಿ ಕುಟುಂಬ, ಐವರು ದೊಡ್ಡವರು ಒಂದು ಮಗು, ಮೂರು ವಾರಕ್ಕೆ ಸ್ವಲ್ಪ ಕಡಿಮೆ ದಿನ ದುಡಿದು ಒಟ್ಟು ಗಳಿಸಿದ್ದು 10 ಪೌಂಡು. ಆರ್ವೆಲ್‌ಗೆ ಸಿಕ್ಕಿದ್ದು ವಾರಕ್ಕೆ ಸುಮಾರು 9 ಶಿಲ್ಲಿಂಗ್. ಬಳ್ಳಿಯ ಮುಳ್ಳಿನಂಥ ರೋಮಕ್ಕೆ ಕೈ ಸೀಳುತ್ತದೆ, ರಸಕ್ಕೆ ಬೆರಳು ಕಪ್ಪಾಗುತ್ತದೆ. ಇಷ್ಟೆಲ್ಲ ಬರೆದ ಮೇಲೆಯೂ ಅವರು ಒಂದು ಮಾತು ಒಪ್ಪುತ್ತಾರೆ: ಲಂಡನ್ನಿನ ಜನ ಇದನ್ನು ಇಷ್ಟಪಟ್ಟೇ ಬರುತ್ತಾರೆ, ಮುಗಿದ ಮೇಲೆ ನೆನೆದು ಖುಷಿಪಡುತ್ತಾರೆ. ಈ ಪ್ರಾಮಾಣಿಕತೆಗಾಗಿಯೇ ಆರ್ವೆಲ್ ನನಗೆ ಮೆಚ್ಚು.

ಈ ಅನುಭವವನ್ನೇ ಅವರು ನಾಲ್ಕು ವರ್ಷದ ನಂತರ ಕಾದಂಬರಿಗೆ ಹಾಕಿದರು. ನಾಯಕಿ ಡೊರೋಥಿ, ಪಾದ್ರಿಯ ಮಗಳು. ಮನೆಯಲ್ಲಿ ಸಂಬಳವಿಲ್ಲದ ಆಳು. ಸಾಲಗಾರರನ್ನು ಸಮಾಧಾನ ಮಾಡುವುದು, ಅಪ್ಪನ ಊಟದ ಚಿಂತೆ, ಕಾಯಿಲೆಯವರನ್ನು ನೋಡುವುದು, ಶಾಲಾ ಮಕ್ಕಳ ನಾಟಕಕ್ಕೆ ವೇಷ ಹೊಲಿಯುವುದು. ಬೆಳಿಗ್ಗೆ ಎದ್ದ ಕೂಡಲೇ ಆ ದಿನದ ಕೆಲಸದ ಪಟ್ಟಿ ಬರೆದಿಟ್ಟುಕೊಳ್ಳುತ್ತಾಳೆ. ಆ ಪಟ್ಟಿ ಓದಿದಾಗ ಇದನ್ನು ಗಂಡಸು ಬರೆದದ್ದೇ ಎಂದು ಆಶ್ಚರ್ಯವಾಯಿತು. ಒಂದು ರಾತ್ರಿ ಅವಳಿಗೆ ನೆನಪು ತಪ್ಪುತ್ತದೆ. ಲಂಡನ್ನಿನ ಬೀದಿಯಲ್ಲಿ ಹೆಸರೂ ತಿಳಿಯದೆ ನಿಂತಿರುತ್ತಾಳೆ. ಯಾರೋ ಅಲೆಮಾರಿಗಳು ಹಾಪ್ ಕೀಳಲು ಕರೆದೊಯ್ಯುತ್ತಾರೆ. ಅಲ್ಲಿ ಹಸಿವು, ಚಳಿ, ಹುಲ್ಲುಹಾಸಿಗೆ, ಸೀಳಿದ ಕೈ. ಆದರೂ ಅವಳು ಕಾರಣವಿಲ್ಲದೆ ಸುಖವಾಗಿರುತ್ತಾಳೆ! ಕೀಳುವುದು, ಉಣ್ಣುವುದು, ನಿದ್ದೆ ಹೋಗುವುದು. ನಾಳಿನ ಪಟ್ಟಿಯಿಲ್ಲ. ಒಂದು ದಿನ ನೆನಪು ಮರಳುತ್ತದೆ, ಅಲ್ಲಿಗೆ ಸುಖ ತೀರಿತು. ನಾಚಿಕೆ, ಅಪ್ಪನಿಗೆ ಕಾಗದ, ಬಾರದ ಉತ್ತರಕ್ಕೆ ಕಾಯುವುದು ಶುರುವಾಯಿತು.

ಇದನ್ನು ಓದಿ ನಾನು ಪುಸ್ತಕ ಮಡಿಸಿ ಬಹಳ ಹೊತ್ತು ಸುಮ್ಮನೆ ಕೂತೆ. ಒಬ್ಬ ಹೆಂಗಸಿಗೆ ರಜೆ ಕೊಡಿಸಬೇಕಾದರೆ ಕಾದಂಬರಿಕಾರನಿಗೆ ಅವಳ ನೆನಪನ್ನೇ ಅಳಿಸಬೇಕಾಯಿತಲ್ಲ! ಗಂಡಸು ರಜೆಗೆ ಹೊರಡುವಾಗ ಮನೆಯ ಬೀಗ ಹಾಕುತ್ತಾನೆ. ಹೆಂಗಸು ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಹೊರಡುತ್ತಾಳೆ. ಗ್ಯಾಸ್ ಆರಿಸಿದೆನೇ, ಹಾಲಿನವನಿಗೆ ಹೇಳಿದೆನೇ, ಅತ್ತೆಯ ಮಾತ್ರೆ ಎಲ್ಲಿ? ಊರು ದಾಟಿದರೂ ಪಟ್ಟಿ ದಾಟುವುದಿಲ್ಲ. ಆರ್ವೆಲ್‌ಗೆ ಈ ಕಾದಂಬರಿ ಸ್ವತಃ ಹಿಡಿಸಲಿಲ್ಲ, ತಮ್ಮ ಜೀವಿತಕಾಲದಲ್ಲಿ ಅದರ ಮರುಮುದ್ರಣವನ್ನೂ ಬಯಸಲಿಲ್ಲ. ರಚನೆ ಸಡಿಲ ಎನ್ನುವುದು ನಿಜ. ಹಾಪ್ ತೋಟದಿಂದ ಡೊರೋಥಿ ಲಂಡನ್ನಿನ ಬೀದಿಗೆ, ಅಲ್ಲಿಂದ ಶುಲ್ಕವೊಂದೇ ಮುಖ್ಯವಾದ ಒಂದು ಖಾಸಗಿ ಶಾಲೆಯ ಉಪಾಧ್ಯಾಯಿನಿಯ ಕೆಲಸಕ್ಕೆ ಬೀಳುವುದು ಬೇರೆ ಬೇರೆ ಕಥೆಗಳನ್ನು ಹೊಲಿದಂತಿದೆ. ಆದರೂ ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಶಾಲೆಯ ಪುಟಗಳೂ, ಹಾಪ್ ತೋಟದ ಪುಟಗಳೂ ಸುಳ್ಳು ಎನಿಸಲಿಲ್ಲ. ಬರೆದವರು ತಿರಸ್ಕರಿಸಿದ್ದನ್ನು ಓದಿದವರು ಉಳಿಸಿಕೊಳ್ಳಬಹುದು.

ಆದರೆ ಆರ್ವೆಲ್‌ಗೂ ಕಾಣದ್ದು ಒಂದಿದೆ. ಅವರ ನಾಯಕಿಗೆ ಮಕ್ಕಳಿಲ್ಲ, ಸಂಸಾರವಿಲ್ಲ, ನೆನಪೂ ಇಲ್ಲ. ನಿಜವಾಗಿ ಬರುತ್ತಿದ್ದ ಹೆಂಗಸರು ಸಂಸಾರವನ್ನೇ ಕಟ್ಟಿಕೊಂಡು ಬರುತ್ತಿದ್ದರು. ಪಾತ್ರೆ, ಹಾಸಿಗೆ ಬಟ್ಟೆ, ಕಿಟಕಿಯಿಲ್ಲದ ಗುಡಿಸಲಿಗೂ ಪರದೆ, ತಗಡಿನ ಗೋಡೆಗೆ ಅಂಟಿಸಲು ಬಣ್ಣದ ಕಾಗದ. ದುಡಿಮೆ ತಪ್ಪಲಿಲ್ಲ, ಅಡಿಗೆ ತಪ್ಪಲಿಲ್ಲ. ಹಾಗಿದ್ದೂ ಇದನ್ನು ರಜೆ ಎಂದರಲ್ಲ, ಏಕೆ? ನನಗೆ ತೋರುವ ಉತ್ತರ ಇಷ್ಟು. ಹೊಗೆಯಿಲ್ಲದ ಗಾಳಿ, ಬಯಲಲ್ಲಿ ಮಕ್ಕಳು, ಅಕ್ಕಪಕ್ಕದಲ್ಲಿ ಮಾತಿಗೆ ಗೆಳತಿಯರು. ಎಲ್ಲಕ್ಕಿಂತ ಮಿಗಿಲಾಗಿ ಸುಗ್ಗಿ ಮುಗಿದಾಗ ದುಡ್ಡು ಅವಳ ಕೈಗೇ ಬರುತ್ತಿತ್ತು. ಆ ದುಡ್ಡಿನಲ್ಲಿ ಚಳಿಗಾಲಕ್ಕೆ ಮಕ್ಕಳ ಬೂಟು, ಬೆಚ್ಚನೆ ಬಟ್ಟೆ. ಹೆಂಗಸಿಗೆ ರಜೆ ಎಂದರೆ ಕೆಲಸ ಇಲ್ಲದಿರುವುದಲ್ಲ, ತನ್ನ ಕೆಲಸದ ಲೆಕ್ಕ ತನ್ನ ಕೈಯಲ್ಲಿರುವುದು ಎಂದು ಅವರು ತಿಳಿದಿದ್ದರೇನೋ. ಈ ಮಾತನ್ನು ಎರಡು ಕಾದಂಬರಿಗಳೂ ಹೇಳುವುದಿಲ್ಲ. ಎರಡನ್ನೂ ಓದಿ ಪಕ್ಕಕ್ಕಿಟ್ಟಾಗ ನಡುವಿನ ಖಾಲಿ ಜಾಗದಲ್ಲಿ ಇದು ಕಾಣುತ್ತದೆ.

ಇನ್ನೊಂದು ಪುಸ್ತಕದ ಮಾತು ಇಲ್ಲಿ ಹೇಳಲೇಬೇಕು. ಜುಡಿತ್ ಬೆನೆಟ್ ಎಂಬ ಚರಿತ್ರೆಕಾರ್ತಿ 1996ರಲ್ಲಿ ಪ್ರಕಟಿಸಿದ 'ಏಲ್, ಬಿಯರ್ ಅಂಡ್ ಬ್ರೂಸ್ಟರ್ಸ್ ಇನ್ ಇಂಗ್ಲೆಂಡ್'. ಬ್ರೂಸ್ಟರ್ ಎಂದರೆ ಏಲ್ ತಯಾರಿಸುವ ಹೆಂಗಸು. 1300ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಏಲ್ ಕಾಯಿಸಿ ಮಾರುವುದು ಬಹುಮಟ್ಟಿಗೆ ಹೆಂಗಸರ ಮನೆಕಸುಬು. 1600ರ ಹೊತ್ತಿಗೆ ಅದು ಗಂಡಸರ ವ್ಯಾಪಾರ. ಹೀಗಾಗಲು ಆಕೆ ಕೊಡುವ ಕಾರಣಗಳಲ್ಲಿ ಹಾಪ್ ಕೂಡ ಒಂದು. ಹಾಪ್ ಇಲ್ಲದ ಏಲ್ ಕೆಲವೇ ದಿನದಲ್ಲಿ ಹುಳಿಯುತ್ತದೆ. ಆದ್ದರಿಂದ ಪ್ರತಿ ಬೀದಿಯಲ್ಲೂ ಒಬ್ಬಾಕೆ ಸ್ವಲ್ಪ ಸ್ವಲ್ಪವೇ ಮಾಡಬೇಕು. ಹಾಪ್ ಹಾಕಿದ ಬಿಯರ್ ತಿಂಗಳುಗಟ್ಟಲೆ ಕೆಡದು. ಆದ್ದರಿಂದ ದೊಡ್ಡ ಹಂಡೆ, ದೊಡ್ಡ ಬಂಡವಾಳ, ದೂರದ ಸಾಗಾಟ. ಸಾಲ ಹುಟ್ಟದ, ಸಂಘದಲ್ಲಿ ಮಾತು ನಡೆಯದ ಹೆಂಗಸು ಹಿಂದೆ ಉಳಿದಳು. ನೋಡಿ ವಿಚಿತ್ರ! ಹೆಣ್ಣು ಬಳ್ಳಿಯ ಹೂವು ಬಂದು ಹೆಣ್ಣನ್ನು ಹಂಡೆಯ ಬಳಿಯಿಂದ ಎಬ್ಬಿಸಲು ನೆವವಾಯಿತು. ಮುಂದೆ ಅದೇ ಹೂವನ್ನು ಕೀಳಲು ಅವಳನ್ನೇ ಕೂಲಿಗೆ ಕರೆದರು. ಹಾಪ್ ಹೆಚ್ಚು ಹಾಕಿದ ಬಿಯರ್ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ನಮ್ಮ ದೇಶದ ಬ್ರಿಟಿಷ್ ದೊರೆಗಳ ಬಾಯಿಗೂ ಬಂತು. ಇಂದಿಗೂ ಸಣ್ಣ ಬ್ರೂವರಿಗಳ ಪಟ್ಟಿಯಲ್ಲಿ 'ಇಂಡಿಯಾ ಪೇಲ್ ಏಲ್' ಎಂಬ ಹೆಸರು ಉಳಿದಿದೆ.

ಕುಡಿತದ ಮಾತನ್ನು ಮರೆಸಿ ಈ ಬರಹ ಮುಗಿಸಿದರೆ ನೀವು ನನ್ನನ್ನು ಬಿಡಲಾರಿರಿ. ಸಂಬಳದ ಮರುದಿನ ತರಗತಿಯಲ್ಲಿ ಸಪ್ಪೆ ಮೋರೆ ಹಾಕಿ ಕೂತ ಮಕ್ಕಳನ್ನು ನಾನೂ ಕಂಡವಳು. ಹಾಪ್ ಹೂವಿನ ಘಮವನ್ನು ಹೊಗಳುವವರು ಅದರ ಕೊನೆಯ ನಿಲ್ದಾಣ ಯಾವುದೆಂಬುದನ್ನೂ ನೆನಪಿಡಬೇಕು. ಕೆಂಟ್‌ನ ಎಷ್ಟೋ ಪಬ್‌ಗಳಲ್ಲಿ ಹಾಪ್ ಕೀಳುವವರು ಗ್ಲಾಸ್ ಕೇಳಿದರೆ ಮೊದಲು ಅದಕ್ಕೆ ಠೇವಣಿ ಇಡಬೇಕಿತ್ತು, ಕದ್ದೊಯ್ಯುತ್ತಾರೆಂದು. ಕೆಲವು ಕಡೆ ಒಳಗೆ ಬಿಡುತ್ತಲೇ ಇರಲಿಲ್ಲ. ಬಿಯರಿಗೆ ರುಚಿ ಕೊಟ್ಟ ಕೈಗೆ ಗ್ಲಾಸ್ ಕೊಡಲು ಅನುಮಾನ! ಕುಡಿತದ ಪರ ವಿರೋಧ ಎರಡೂ ಪಕ್ಕಕ್ಕಿರಲಿ, ಈ ಅವಮಾನ ಮಾತ್ರ ಪ್ರವಾಸದ ಪುಸ್ತಿಕೆಗಳಲ್ಲಿ ಏಕೆ ಬರುವುದಿಲ್ಲ?

ತಂಗಿಯ ಮಗಳಿಗೆ ನಾನು 'ಹೋಗಬೇಡ' ಎಂದು ಬರೆಯಲಿಲ್ಲ. ಪಟ್ಟಿಗೆ ಎರಡು ಜಾಗ ಸೇರಿಸು ಎಂದೆ. ಒಂದು, ಮೇಡ್‌ಸ್ಟನ್ ಬಳಿಯ ಕೆಂಟ್ ಲೈಫ್ ವಸ್ತುಸಂಗ್ರಹಾಲಯ. ಅಲ್ಲಿ ಹಾಪ್ ಕೀಳುವವರ ಗುಡಿಸಲುಗಳನ್ನು ಉಳಿಸಿದ್ದಾರೆ. ಮಕ್ಕಳು ಓಸ್ಟ್ ಹೌಸಿನ ಮೆತ್ತನೆ ಹಾಸಿಗೆಯಲ್ಲಿ ಮಲಗುವ ಮೊದಲು ಅದನ್ನು ನೋಡಲಿ. ಇನ್ನೊಂದು, ಹ್ಯಾಡ್ಲೋ ಊರಿನ ಚರ್ಚಿನ ಅಂಗಳ. 1853ರ ಅಕ್ಟೋಬರ್ 20ರಂದು ಮೆಡ್‌ವೇ ನದಿ ತುಂಬಿ ಹರಿಯುತ್ತಿದ್ದಾಗ, ಹಾಪ್ ಕಿತ್ತು ಬಿಡಾರಕ್ಕೆ ಮರಳುತ್ತಿದ್ದವರ ಗಾಡಿ ಹಾರ್ಟ್‌ಲೇಕ್ ಎಂಬಲ್ಲಿಯ ಮರದ ಸೇತುವೆಯಿಂದ ನೀರಿಗೆ ಉರುಳಿತು. ಸತ್ತವರು 30 ಜನ. ಒಂದೇ ಮನೆಯ ಹಲವರು, ಹೆಂಗಸರು, ಮಕ್ಕಳು. ಅವರಿಗಾಗಿ ನಿಲ್ಲಿಸಿದ ಕಲ್ಲಿನ ಸ್ಮಾರಕ ಪುಟ್ಟ ಓಸ್ಟ್ ಹೌಸಿನ ಆಕಾರದಲ್ಲೇ ಇದೆ.

1878ರಲ್ಲಿ ಇಂಗ್ಲೆಂಡಿನಲ್ಲಿ 70 ಸಾವಿರ ಎಕರೆಗೂ ಮಿಕ್ಕಿ ಹಾಪ್ ಬೆಳೆಯುತ್ತಿದ್ದರು. ಈಗ ಉಳಿದಿರುವುದು ಅದರ ಬಹಳ ಸಣ್ಣ ಪಾಲು. 1950, 60ರ ದಶಕಗಳಲ್ಲಿ ಯಂತ್ರ ಬಂದು ಕೀಳುವ ಕೈಗಳನ್ನು ಮನೆಗೆ ಕಳಿಸಿತು. ವಿಶೇಷ ರೈಲುಗಳು ನಿಂತವು. ಗುಡಿಸಲುಗಳು ಬಿದ್ದವು, ಓಸ್ಟ್ ಹೌಸುಗಳು ಮಾತ್ರ ಚಂದವಾಗಿ ಉಳಿದವು. ಚಂದವಿದ್ದದ್ದು ಉಳಿಯುತ್ತದೆ, ಅದರ ಪಕ್ಕದ ಗುಡಿಸಲು ಉಳಿಯಬೇಕಾದರೆ ಯಾರಾದರೂ ಬರೆಯಬೇಕು. ಮಾಮ್ ಅದರ ಮೇಲಿನ ಬಿಸಿಲನ್ನು ಬರೆದರು. ಆರ್ವೆಲ್ ಅದರ ಒಳಗಿನ ಶಿಲ್ಲಿಂಗ್ ಎಣಿಸಿದರು. ಒಲೆಯ ಮುಂದೆ ಕೂತ ಆಕೆ ಮಾತ್ರ ಇನ್ನೂ ತನ್ನ ಪುಸ್ತಕ ಬರೆಯುವವಳಿಗಾಗಿ ಕಾಯುತ್ತಿದ್ದಾಳೆ ಎನಿಸುತ್ತದೆ. ಅಲ್ಲಿಯವರೆಗೆ ಈ ಎರಡನ್ನೂ ಒಟ್ಟಿಗೇ ಓದಿ. ಒಂದನ್ನು ಓದಿ ಇನ್ನೊಂದನ್ನು ಬಿಟ್ಟರೆ, ಹಾಪ್ ತೋಟಕ್ಕೆ ಹೋಗಿಯೂ ಅರ್ಧ ತೋಟವನ್ನೇ ನೋಡಿ ಬಂದಂತಾದೀತು.